ಅಲೆಯ ಎತ್ತರ ಲೆಕ್ಕ ಹಾಕುವ ಹಳೇ ಭಾಷೆ: ಫೋರ್ಟ್ರಾನ್ ಎಲ್ಲಿ ಗೆದ್ದಿತು, ಎಲ್ಲಿ ಎಡವಿತು?

ಜೂನ್ ಬಂತೆಂದರೆ ಕಾರವಾರದ ಬೈತಖೋಲ್ ಬಂದರಿನಲ್ಲಿ ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ಸಾಲಾಗಿ ಲಂಗರು ಹಾಕಿ ನಿಲ್ಲುತ್ತವೆ. ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಹೊತ್ತಿನಲ್ಲಿ ಕಡಲಿಗೆ ಇಳಿಯುವವರು ನಾಡದೋಣಿಯವರು. ಅಳಿವೆ ದಾಟುವುದೋ ಬೇಡವೋ ಎಂದು ಅವರು ಆಕಾಶ ನೋಡುತ್ತಾರೆ, ಗಾಳಿ ನೋಡುತ್ತಾರೆ, ಈಗೀಗ ಮೊಬೈಲನ್ನೂ ನೋಡುತ್ತಾರೆ. ಮಾಜಾಳಿಯಿಂದ ಭಟ್ಕಳದವರೆಗೆ ಅಲೆಗಳು ಇಷ್ಟು ಮೀಟರ್ ಏಳಬಹುದು, ಕಡಲಿಗೆ ಇಳಿಯಬೇಡಿ ಎಂಬ ಎಚ್ಚರಿಕೆ ಅಲ್ಲಿ ಬಂದಿರುತ್ತದೆ.

ಆ 'ಇಷ್ಟು ಮೀಟರ್' ಬರುವುದು ಹೈದರಾಬಾದಿನಿಂದ. ಅಲ್ಲಿರುವ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್, ಅಲೆಗಳ ಲೆಕ್ಕಕ್ಕೆ ವೇವ್‌ವಾಚ್ 3, ಸ್ವಾನ್ ಎಂಬ ಮಾಡೆಲ್‌ಗಳನ್ನು, ಅಂದರೆ ಸಮುದ್ರವನ್ನು ಗಣಿತದಲ್ಲಿ ಅನುಕರಿಸುವ ಪ್ರೋಗ್ರಾಮುಗಳನ್ನು, ಬಳಸುತ್ತದೆ. ಪ್ರವಾಹದ ಲೆಕ್ಕಕ್ಕೆ ರೋಮ್ಸ್ ಎಂಬ ಇನ್ನೊಂದಿದೆ. ಮಳೆ ಹೇಳುವ ಹವಾಮಾನ ಇಲಾಖೆಯ ಕಡೆಗೆ ಬಂದರೆ ಜಿಎಫ್‌ಎಸ್, ಡಬ್ಲ್ಯುಆರ್‌ಎಫ್. ಇವೆಲ್ಲ ಹುಟ್ಟಿದ್ದು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ತಂಡಗಳ ಕೈಯಲ್ಲಿ. ಆದರೆ ಕೋಡ್ ಬಿಚ್ಚಿ ನೋಡಿದರೆ ಎಲ್ಲವೂ ಹೆಚ್ಚೂಕಡಿಮೆ ಒಂದೇ ಭಾಷೆಯಲ್ಲಿವೆ: ಫೋರ್ಟ್ರಾನ್. 1957ರಲ್ಲಿ ಐಬಿಎಂ ಕಂಪನಿ ಬಿಡುಗಡೆ ಮಾಡಿದ ಭಾಷೆ ಅದು.

ಇಂಥ ಹಳೇ ಭಾಷೆಯನ್ನು ಇನ್ನೂ ಎಷ್ಟು ದಿನ ಎಳೆಯುವುದು, ಎಲ್ಲವನ್ನೂ ಸಿ++ಗೆ ಅಥವಾ ಪೈಥಾನ್‌ಗೆ ಬದಲಾಯಿಸಬಾರದೇ ಎಂಬ ಚರ್ಚೆ ಈಗ ಜೋರಾಗಿದೆ. 'ಹಳೇದು, ಆದ್ದರಿಂದ ಕೆಟ್ಟದ್ದು' ಎನ್ನುವುದು ಒಂದು ಕಡೆ. 'ಇಷ್ಟು ವರ್ಷ ನಡೆದಿದೆ, ಆದ್ದರಿಂದ ಒಳ್ಳೇದು' ಎನ್ನುವುದು ಇನ್ನೊಂದು ಕಡೆ. ಎರಡೂ ಸೋಮಾರಿ ವಾದಗಳು. ಭಾಷೆಯ ವಿನ್ಯಾಸವನ್ನೇ ಬಿಚ್ಚಿ ನೋಡಿದರೆ ಬೇರೆ ಚಿತ್ರ ಸಿಗುತ್ತದೆ. ಫೋರ್ಟ್ರಾನ್ ತನ್ನಲ್ಲಿ ಕೋಡ್ ಬರೆಯುವವನನ್ನು ಪೂರ್ತಿ ನಂಬಿತು. ಅದರ ದೊಡ್ಡ ಶಕ್ತಿ ಬಂದದ್ದು ಆ ನಂಬಿಕೆಯಿಂದ, ಕೆಟ್ಟ ತೊಂದರೆಗಳು ಬಂದದ್ದೂ ಅದರಿಂದಲೇ.

ಕಾರ್ಡಿನ ಮೇಲೆ ಹುಟ್ಟಿದ ಭಾಷೆ

1953ರ ಕೊನೆಯಲ್ಲಿ ಐಬಿಎಂನ ಜಾನ್ ಬ್ಯಾಕಸ್ ತನ್ನ ಮೇಲಧಿಕಾರಿಗೆ ಒಂದು ಪ್ರಸ್ತಾಪ ಕೊಟ್ಟರು. ಗಣಿತದ ಸೂತ್ರವನ್ನು ಸೂತ್ರದ ಹಾಗೆಯೇ ಬರೆಯೋಣ, ಯಂತ್ರದ ಸೂಚನೆಗಳಾಗಿ ಬದಲಾಯಿಸುವ ಕೆಲಸವನ್ನು ಯಂತ್ರಕ್ಕೇ ಬಿಡೋಣ ಎಂದು. ಆ ಕಾಲದ ಪ್ರೋಗ್ರಾಮರುಗಳು ನಕ್ಕರು. ಕೈಯಲ್ಲಿ ಬರೆದ ಕೋಡಿನಷ್ಟು ವೇಗವಾಗಿ ಯಂತ್ರ ಬರೆದ ಕೋಡ್ ಓಡೀತೇ? ಕಂಪ್ಯೂಟರಿನ ಒಂದೊಂದು ಗಂಟೆಗೂ ಸಿಕ್ಕಾಪಟ್ಟೆ ಬೆಲೆ ಇದ್ದ ಕಾಲ ಅದು. ನಿಧಾನವಾಗಿ ಓಡುವ ಪ್ರೋಗ್ರಾಮನ್ನು ಯಾರೂ ಮುಟ್ಟುತ್ತಿರಲಿಲ್ಲ.

ಹಾಗಾಗಿ ಬ್ಯಾಕಸ್ ತಂಡ ಭಾಷೆಯ ಚೆಂದದ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಅವರ ಬುದ್ಧಿಯೆಲ್ಲ ಖರ್ಚಾದದ್ದು ಕಂಪೈಲರಿನ ಮೇಲೆ, ಅಂದರೆ ಸೂತ್ರವನ್ನು ಯಂತ್ರದ ಸೂಚನೆಗಳಾಗಿ ಬದಲಾಯಿಸುವ ಪ್ರೋಗ್ರಾಮಿನ ಮೇಲೆ. ಮತ್ತೆ ಮತ್ತೆ ಓಡುವ ಲೂಪ್‌ಗಳನ್ನು ಹೇಗೆ ಚುರುಕು ಮಾಡುವುದು, ಯಂತ್ರದೊಳಗಿನ ಪುಟ್ಟ ಮೆಮೊರಿಗಳಾದ ರಿಜಿಸ್ಟರುಗಳನ್ನು ಹೇಗೆ ಹಂಚುವುದು, ಇದೇ ಅವರ ಧ್ಯಾನ. ಭಾಷೆಯನ್ನು ಅವರು ನಡುನಡುವೆ, ಕೆಲಸ ಸಾಗಿದಂತೆ ಕಟ್ಟಿಕೊಂಡರು. ಒಳಗಿನ ಎಂಜಿನ್ ಅದ್ಭುತವಾಗಿ, ಹೊರಗಿನ ರೂಪ ಒರಟಾಗಿ ಬಂದದ್ದು ಇದೇ ಕಾರಣಕ್ಕೆ.

1954ರ ಅವರ ಪ್ರಾಥಮಿಕ ವರದಿಯಲ್ಲಿ ಒಂದು ತಮಾಷೆಯ ಆಶಾವಾದ ಇದೆ. ಫೋರ್ಟ್ರಾನ್ ಬಂದರೆ ಕೋಡ್ ಬರೆಯುವುದು, ತಪ್ಪು ಹುಡುಕುವುದು ಎರಡೂ ಬಹುಮಟ್ಟಿಗೆ ಇಲ್ಲವಾಗುತ್ತದೆ ಎಂದು ಅವರು ಬರೆದಿದ್ದರು. 1957ರ ಏಪ್ರಿಲ್‌ನಲ್ಲಿ ಮೊದಲ ಹೊರಗಿನ ಗ್ರಾಹಕರಾಗಿ ಕಂಪೈಲರ್ ಪಡೆದದ್ದು ವೆಸ್ಟಿಂಗ್‌ಹೌಸ್ ಕಂಪನಿಯ ಬೆಟಿಸ್ ಪರಮಾಣು ಪ್ರಯೋಗಾಲಯ. ಮೊದಲ ಪ್ರೋಗ್ರಾಮಿಗೆ ಯಂತ್ರ ಕೊಟ್ಟ ಮೊದಲ ಉತ್ತರವೇ ದೋಷದ ಸಂದೇಶ: ಅಲ್ಪವಿರಾಮ ಬಿಟ್ಟುಹೋಗಿದೆ! ಪರಮಾಣು ರಿಯಾಕ್ಟರುಗಳ ಲೆಕ್ಕಕ್ಕೂ ಫೋರ್ಟ್ರಾನ್‌ಗೂ ನಂಟು ಅಂದಿನಿಂದಲೇ ಇದೆ. ಕೈಗಾದ ನೆರೆಯಲ್ಲಿ ಬದುಕುವ ನಮಗೆ ಇದೊಂದು ಕುತೂಹಲದ ಸಂಗತಿ, ಅಷ್ಟೇ.

ಆಗ ಪ್ರೋಗ್ರಾಮ್ ಬರೆಯುವುದೆಂದರೆ ಕಾರ್ಡಿನಲ್ಲಿ ತೂತು ಹೊಡೆಯುವುದು. ಒಂದು ಕಾರ್ಡಿಗೆ 80 ಕಂಬಸಾಲು. ಫೋರ್ಟ್ರಾನ್ ಮೊದಲು ಓಡಿದ ಐಬಿಎಂ 704 ಕಂಪ್ಯೂಟರಿನ ಕಾರ್ಡ್ ರೀಡರ್ ಓದುತ್ತಿದ್ದದ್ದು ಅದರಲ್ಲಿ 72ನ್ನು ಮಾತ್ರ, ಏಕೆಂದರೆ ಆ ಯಂತ್ರದ ಒಂದು 'ವರ್ಡ್' ಎಂದರೆ 36 ಬಿಟ್, ಎರಡು ವರ್ಡ್ ಸೇರಿದರೆ 72. ಅಲ್ಲಿಗೆ ಫೋರ್ಟ್ರಾನ್‌ನ ಒಂದು ಸಾಲಿನ ಉದ್ದವೂ ತೀರ್ಮಾನವಾಯಿತು. ಮೊದಲ 5 ಕಂಬಸಾಲು ಲೇಬಲ್ಲಿಗೆ (ಆ ಸಾಲನ್ನು ಗುರುತಿಸುವ ಸಂಖ್ಯೆಗೆ), 6ನೆಯದು ಹಿಂದಿನ ಕಾರ್ಡಿನ ಮುಂದುವರಿಕೆಗೆ, 7ರಿಂದ 72 ಕೋಡಿಗೆ. ಇನ್ನು 6 ಬಿಟ್‌ಗೆ ಒಂದು ಅಕ್ಷರ, ಹಾಗಾದರೆ 36 ಬಿಟ್‌ಗೆ 6 ಅಕ್ಷರ. ಆದ್ದರಿಂದ ಯಾವುದಕ್ಕೂ ಆರಕ್ಷರಕ್ಕಿಂತ ಉದ್ದದ ಹೆಸರು ಇಡುವಂತಿಲ್ಲ. ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಆದರೆ ಬ್ಲಾಸ್, ಲಾಪ್ಯಾಕ್ ಎಂಬ ಗಣಿತದ ಲೈಬ್ರರಿಗಳಲ್ಲಿ ಇವತ್ತಿಗೂ ಡಿಜಿಇಎಂಎಂ, ಡಿಜಿಇಟಿಆರ್‌ಎಫ್ ಎಂಬಂಥ ಮೊಟಕು ಹೆಸರುಗಳಿವೆ. ನಾವು ಪೈಥಾನ್‌ನಲ್ಲಿ ಮ್ಯಾಟ್ರಿಕ್ಸ್ ಸಮೀಕರಣ ಬಿಡಿಸಿದಾಗ ಒಳಗೆ ಓಡುವುದು ಆ ಹೆಸರುಗಳೇ.

ನಗು ಬರಿಸುವ, ಆಮೇಲೆ ಅಳಿಸುವ ತಪ್ಪುಗಳು

ವೇರಿಯಬಲ್‌ಗಳನ್ನು, ಅಂದರೆ ಬೆಲೆ ಇಟ್ಟುಕೊಳ್ಳುವ ಹೆಸರುಗಳನ್ನು, ಮೊದಲೇ ಘೋಷಿಸಬೇಕಿಲ್ಲ ಎಂಬುದು ಹಳೇ ಫೋರ್ಟ್ರಾನ್‌ನ ನಿಯಮ. ಹೆಸರು ಐ, ಜೆ, ಕೆ, ಎಲ್, ಎಂ, ಎನ್ ಅಕ್ಷರಗಳಿಂದ ಶುರುವಾದರೆ ಅದು ಪೂರ್ಣಾಂಕ. ಉಳಿದ ಅಕ್ಷರವಾದರೆ ದಶಮಾಂಶ ಸಂಖ್ಯೆ. ಗಣಿತದವರಿಗೆ ಇದು ಹಾಯಾಗಿತ್ತು, ಅವರು ಕಾಗದದ ಮೇಲೆ ಬರೆಯುತ್ತಿದ್ದದ್ದೂ ಹಾಗೆಯೇ. ಆದರೆ 'ಸ್ಪೀಡ್' ಎಂದು ಬರೆಯುವಲ್ಲಿ ಬೆರಳು ತಪ್ಪಿ 'ಸ್ಪಿಡ್' ಎಂದಾದರೆ ಕಂಪೈಲರ್ ಗೊಣಗುವುದಿಲ್ಲ. ಓ, ಇದೊಂದು ಹೊಸ ವೇರಿಯಬಲ್ ಅಂದುಕೊಂಡು ಮುಂದೆ ಹೋಗುತ್ತದೆ. ಅದರೊಳಗೆ ಸೊನ್ನೆ ಇರಬಹುದು, ಕಸ ಇರಬಹುದು. ಗಾಳಿಯ ವೇಗದ ಲೆಕ್ಕದಲ್ಲಿ ಹೀಗಾದರೆ ಉತ್ತರ ಬರುತ್ತದೆ, ಆದರೆ ತಪ್ಪು ಉತ್ತರ. ತಪ್ಪೆಂದು ಗೊತ್ತಾಗದಷ್ಟು ಸರಿಯಾಗಿ ಕಾಣುವ ಉತ್ತರ ಬಂದರೆ ಇನ್ನೂ ಕಷ್ಟ. ಈ ಅಭ್ಯಾಸಕ್ಕೆ ಬೀಗ ಹಾಕುವ 'ಇಂಪ್ಲಿಸಿಟ್ ನನ್' ಎಂಬ ಸಾಲು ಅಧಿಕೃತ ನಿಯಮಾವಳಿಗೆ ಬಂದದ್ದು ಫೋರ್ಟ್ರಾನ್ 90 ಎಂಬ ಆವೃತ್ತಿಯಲ್ಲಿ. ಅದೂ ಐಚ್ಛಿಕ. ಬೀಗ ಹಾಕದಿದ್ದರೆ ಹಳೇ ನಿಯಮವೇ ಜಾರಿ.

ಇನ್ನೊಂದು ಕುಖ್ಯಾತ ನಿಯಮ: ಖಾಲಿ ಜಾಗಕ್ಕೆ ಅರ್ಥವೇ ಇಲ್ಲ. ಕಾರ್ಡ್ ತೂತು ಹೊಡೆಯುವವರು ಜಾಗ ಬಿಡುವುದರಲ್ಲಿ ತಪ್ಪುತ್ತಾರೆ, ಹಾಗಾಗಿ ಎಲ್ಲ ಖಾಲಿ ಜಾಗವನ್ನೂ ಕಂಪೈಲರ್ ನುಂಗಿಬಿಡಲಿ ಎಂಬ ಲೆಕ್ಕಾಚಾರ. ಪರಿಣಾಮ ನೋಡಿ.

ಡೂ 10 ಐ = 1,10

ಇದು ಲೂಪ್. ಐ ಎಂಬುದು 1ರಿಂದ 10ರವರೆಗೆ ಹೋಗಲಿ, ಲೇಬಲ್ 10 ಇರುವ ಸಾಲಿನವರೆಗಿನ ಕೆಲಸ ಪ್ರತಿ ಸಲವೂ ನಡೆಯಲಿ ಎಂದರ್ಥ. ಈಗ ಅಲ್ಪವಿರಾಮದ ಬದಲು ಚುಕ್ಕಿ ಬಿತ್ತು ಅಂದುಕೊಳ್ಳಿ.

ಡೂ 10 ಐ = 1.10

ಖಾಲಿ ಜಾಗ ತೆಗೆದರೆ ಇದು 'ಡೂ10ಐ' ಎಂಬ ಒಂದೇ ಹೆಸರು. ಘೋಷಿಸಬೇಕಿಲ್ಲವಲ್ಲ, ಹಾಗಾಗಿ ಹೊಸ ವೇರಿಯಬಲ್ ಹುಟ್ಟಿತು, ಅದಕ್ಕೆ 1.10 ಬೆಲೆ ಸಿಕ್ಕಿತು. ಲೂಪ್ ಮಾಯ! ಒಂದು ದೋಷವೂ ವರದಿಯಾಗುವುದಿಲ್ಲ. ಎರಡು ನಿಯಮಗಳು ಬೇರೆ ಬೇರೆಯಾಗಿ ನೋಡಿದರೆ ಸಾಧು. ಜೊತೆಯಾದಾಗ ಅನಾಹುತ. ಅಮೆರಿಕದ ನಾಸಾದಲ್ಲಿ ಮರ್ಕ್ಯುರಿ ಯೋಜನೆಯ ಕಾಲದ ಕಕ್ಷೆ ಲೆಕ್ಕದ ಪ್ರೋಗ್ರಾಮಿನಲ್ಲಿ ಇಂಥ ಚುಕ್ಕಿಯೊಂದು ಸಿಕ್ಕಿತ್ತು.

ಈ ಚುಕ್ಕಿಯಿಂದಲೇ ಮ್ಯಾರಿನರ್ 1 ಬಾಹ್ಯಾಕಾಶ ನೌಕೆ ಹಾಳಾಯಿತು ಎಂಬ ಕಥೆ ಎಷ್ಟೋ ಪಠ್ಯಗಳಲ್ಲಿ ಸುತ್ತುತ್ತಿದೆ. ಅದು ನಿಜವಲ್ಲ. 1962ರ ಜುಲೈ 22ರಂದು ಹಾರಿದ ಆ ನೌಕೆಯನ್ನು ದಾರಿ ತಪ್ಪಿದ ಕಾರಣಕ್ಕೆ ಆಕಾಶದಲ್ಲೇ ನಾಶ ಮಾಡಬೇಕಾಯಿತು, ಸರಿ. ಆದರೆ ಅಲ್ಲಿ ಬಿಟ್ಟುಹೋಗಿದ್ದದ್ದು ಮಾರ್ಗದರ್ಶನ ಸಮೀಕರಣದಲ್ಲಿ ಒಂದು ಸಂಕೇತದ ತಲೆಯ ಮೇಲಿರಬೇಕಾದ ಗೆರೆ. ಫೋರ್ಟ್ರಾನ್ ಮಾಡದ ಪಾಪವನ್ನು ಅದರ ತಲೆಗೆ ಕಟ್ಟುವುದು ಬೇಡ. ಮಾಡಿದ್ದೇ ಬೇಕಾದಷ್ಟಿದೆ.

ಉದಾಹರಣೆಗೆ, ಕೆಲವು ಹಳೇ ಕಂಪೈಲರುಗಳಲ್ಲಿ 4ರ ಬೆಲೆಯನ್ನೇ ಬದಲಾಯಿಸಬಹುದಿತ್ತು. ಸುಮ್ನೆ ಹೇಳುತ್ತಿಲ್ಲ. ಸಬ್‌ರುಟೀನಿಗೆ, ಅಂದರೆ ಪ್ರೋಗ್ರಾಮಿನೊಳಗಿನ ಒಂದು ಕಿರು ಪ್ರೋಗ್ರಾಮಿಗೆ, 4 ಎಂಬ ಅಂಕಿಯನ್ನು ಕೊಟ್ಟರೆ, ಅದು ಹೋಗುತ್ತಿದ್ದದ್ದು ಮೆಮೊರಿಯ ವಿಳಾಸವಾಗಿ. ಒಳಗೆ ಆ ಜಾಗಕ್ಕೆ 1 ಕೂಡಿಸಿದರೆ, ಅಲ್ಲಿಂದ ಮುಂದೆ ಆ ಪ್ರೋಗ್ರಾಮಿನಲ್ಲಿ 4 ಎಂದು ಬರೆದಲ್ಲೆಲ್ಲ 5 ಓದಬಹುದು. ಕಾಮನ್ ಎಂಬ ಹಂಚಿಕೆಯ ಮೆಮೊರಿಯ ಕಥೆಯೂ ಇದೇ ಜಾತಿಯದು. ಒಂದು ಫೈಲಿನಲ್ಲಿ ಕಾಮನ್ ಒಳಗೆ ಮೊದಲು ತಾಪಮಾನ, ಆಮೇಲೆ ಉಪ್ಪಿನಂಶ ಎಂದು ಬರೆದಿದ್ದೀರಿ. ಇನ್ನೊಂದು ಫೈಲಿನಲ್ಲಿ ಯಾರೋ ತಿರುವುಮುರುವು ಬರೆದರು. ಕಂಪೈಲರ್ ಎರಡು ಫೈಲುಗಳನ್ನು ತಾಳೆ ನೋಡುವುದಿಲ್ಲ, ಹೆಸರು ನೋಡುವುದಿಲ್ಲ, ಜಾಗ ಮಾತ್ರ ನೋಡುತ್ತದೆ. ಸಮುದ್ರದ ನೀರಿಗೆ 28 ಡಿಗ್ರಿ ಉಪ್ಪು, 35ರ ಉಷ್ಣತೆ ಬಂದು ಕೂತಿತು! ಮೂವತ್ತು ವರ್ಷ ಹಳೆಯ ಮಾಡೆಲ್ ಒಂದಕ್ಕೆ ಕೈ ಹಾಕಿದವರು ಬೈಯುವುದು ಜಾಸ್ತಿ ಈ ಕಾಮನ್‌ಗಳನ್ನೇ. ಫೋರ್ಟ್ರಾನ್ 2018ರ ನಿಯಮಾವಳಿ ಇವನ್ನು ಬಳಕೆ ತಪ್ಪಬೇಕಾದ ಪಟ್ಟಿಗೆ ಸೇರಿಸಿತು, ಪೂರ್ತಿ ಕಿತ್ತುಹಾಕಲಿಲ್ಲ.

ಕಿತ್ತುಹಾಕಿದ್ದೂ ಇದೆ. ಸಂಖ್ಯೆ ಋಣವಾದರೆ ಒಂದು ಲೇಬಲ್ಲಿಗೆ, ಸೊನ್ನೆಯಾದರೆ ಇನ್ನೊಂದಕ್ಕೆ, ಧನವಾದರೆ ಮತ್ತೊಂದಕ್ಕೆ ಹಾರು ಎನ್ನುವ ಮೂರು ದಾರಿಯ 'ಇಫ್' ಮೊದಲ ದಿನದಿಂದ ಇತ್ತು. 704 ಯಂತ್ರದ ಹೋಲಿಕೆಯ ಸೂಚನೆಗೂ ಮೂರು ದಾರಿ ಇದ್ದದ್ದರ ನೆರಳು ಅದು. ಅದನ್ನು 2018ರಲ್ಲಿ ಅಳಿಸಿದರು. ಅಂದರೆ ಅರವತ್ತು ವರ್ಷ ಹಿಡಿಯಿತು. 1966ರಲ್ಲಿ ಅಧಿಕೃತ ನಿಯಮಾವಳಿ ಪಡೆದ ಮೊದಲ ಪ್ರೋಗ್ರಾಮಿಂಗ್ ಭಾಷೆ ಇದು. ಹಳೇ ಕೋಡ್ ಮುರಿಯಬಾರದು ಎಂಬ ಹಟ ಅದರ ನಿಯಮಾವಳಿ ಸಮಿತಿಗೆ ಅಂದಿನಿಂದಲೂ ಇದೆ. 1977ರಲ್ಲಿ ಬರೆದ ಅಲೆಯ ಸಬ್‌ರುಟೀನ್ ಇಂದಿನ ಕಂಪೈಲರಿನಲ್ಲೂ ಓಡುವುದು ಆ ಹಟದಿಂದ. ಮೂವತ್ತು ವರ್ಷದ ಮೊದಲೇ ಸಾಯಬೇಕಾಗಿದ್ದ ಬರವಣಿಗೆಯ ಶೈಲಿ ಇನ್ನೂ ಬದುಕಿರುವುದೂ ಅದರಿಂದಲೇ.

ವೇಗದ ಗುಟ್ಟು

ಇಷ್ಟೆಲ್ಲ ಬೈದ ಮೇಲೆ ಪ್ರಶ್ನೆ ಏಳುತ್ತದೆ: ಹಾಗಾದರೆ ಯಾಕೆ ಇನ್ನೂ ಬಿಟ್ಟಿಲ್ಲ? ಹಳೇ ಕೋಡ್ ಜಾಸ್ತಿ ಇದೆ ಎನ್ನುವುದು ಅರ್ಧ ಉತ್ತರ. ಉಳಿದರ್ಧ ವಿನ್ಯಾಸದಲ್ಲಿದೆ, ಮತ್ತು ಬಹಳ ಜನ ಅದನ್ನು ಗಮನಿಸುವುದಿಲ್ಲ.

ಸಬ್‌ರುಟೀನ್ ಒಂದಕ್ಕೆ ಎ, ಬಿ ಎಂಬ ಎರಡು ಅರೇ, ಅಂದರೆ ಸಂಖ್ಯೆಗಳ ಸಾಲು, ಕೊಟ್ಟೆವು ಎನ್ನಿ. ಒಂದರಲ್ಲಿ ಅಲೆಯ ಶಕ್ತಿ, ಇನ್ನೊಂದರಲ್ಲಿ ಗಾಳಿ. ಒಳಗೆ ಎ ಬದಲಾಗುತ್ತದೆ, ಬಿ ಓದಲ್ಪಡುತ್ತದೆ. ಫೋರ್ಟ್ರಾನ್ ನಿಯಮದ ಪ್ರಕಾರ ಈ ಎರಡು ಹೆಸರುಗಳ ಹಿಂದೆ ಒಂದೇ ಮೆಮೊರಿ ಇರಕೂಡದು. ಕಂಪೈಲರ್ ಹಾಗೆಂದು ಕಣ್ಣುಮುಚ್ಚಿ ನಂಬಬಹುದು. ಸಿ ಭಾಷೆಯಲ್ಲಿ ಹಾಗಲ್ಲ. ಅಲ್ಲಿ ಎ, ಬಿ ಎರಡೂ ಮೆಮೊರಿಯ ವಿಳಾಸ ಹೇಳುವ ಪಾಯಿಂಟರುಗಳು, ಎರಡೂ ಒಂದೇ ಕಡೆ ಬೆರಳು ತೋರಿಸುತ್ತಿರಬಹುದು.

ಇದರಿಂದ ಏನು ವ್ಯತ್ಯಾಸ? ಶಿರಸಿಯ ಅಡಿಕೆ ಟೆಂಡರಿನ ಅಂಗಳ ನೆನಪಿಸಿಕೊಳ್ಳಿ. ಲಾಟ್ 41, ಲಾಟ್ 42 ಬೇರೆ ಬೇರೆ ರಾಶಿ ಎಂಬ ಖಾತ್ರಿ ಇದ್ದರೆ ಇಬ್ಬರು ಒಟ್ಟಿಗೇ ತೂಕ ಹಾಕಬಹುದು. ಒಂದೇ ರಾಶಿಗೆ ಎರಡು ಚೀಟಿ ಬಿದ್ದಿದೆಯೇನೋ ಎಂಬ ಅನುಮಾನ ಬಂತೋ, ಒಬ್ಬನ ಕೆಲಸ ಮುಗಿಯುವವರೆಗೆ ಇನ್ನೊಬ್ಬ ಕೈ ಕಟ್ಟಿ ನಿಲ್ಲಬೇಕು. ಇಂದಿನ ದೊಡ್ಡ ಪ್ರೊಸೆಸರುಗಳು ಒಂದೇ ಸೂಚನೆಯಲ್ಲಿ ಎಂಟು ಜೋಡಿ ಸಂಖ್ಯೆಗಳನ್ನು ಕೂಡಬಲ್ಲವು. ಆದರೆ ಎರಡು ಅರೇ ಬೇರೆ ಬೇರೆ ಎಂದು ಗೊತ್ತಿದ್ದರೆ ಮಾತ್ರ. ಫೋರ್ಟ್ರಾನ್ ಕಂಪೈಲರಿಗೆ ಅದು ಹುಟ್ಟಿನಿಂದಲೇ ಗೊತ್ತು. ಸಿ ಭಾಷೆಗೆ ಇದೇ ಭರವಸೆ ಕೊಡಲು 'ರಿಸ್ಟ್ರಿಕ್ಟ್' ಎಂಬ ಪದ ಸೇರಿದ್ದು 1999ರಲ್ಲಿ. ಅದನ್ನೂ ಪ್ರೋಗ್ರಾಮರ್ ನೆನಪಿಟ್ಟು ಬರೆಯಬೇಕು.

ಮಾತು ತಪ್ಪಿದರೆ? ಒಂದೇ ಅರೇಯನ್ನು ಎ ಮತ್ತು ಬಿ ಎರಡೂ ಜಾಗಕ್ಕೆ ಕೊಟ್ಟರೆ ಕಂಪೈಲರ್ ಸಾಮಾನ್ಯವಾಗಿ ಎಚ್ಚರಿಸುವುದಿಲ್ಲ. ತಪ್ಪು ಉತ್ತರ ಬರಬಹುದು, ಅದೂ ಹೆಚ್ಚಾಗಿ ವೇಗ ಹೆಚ್ಚಿಸುವ ಆಯ್ಕೆ ಹಾಕಿದಾಗ. ಅರೇಯ ಗಡಿ ದಾಟಿ ಬರೆದರೂ ಅಷ್ಟೇ, ತಪಾಸಣೆಯ ಆಯ್ಕೆ ಹಾಕದಿದ್ದರೆ ಮೌನ. ಈ ಒಂದು ನಿಯಮದಲ್ಲಿ ಫೋರ್ಟ್ರಾನ್‌ನ ಶಕ್ತಿ ಮತ್ತು ದೌರ್ಬಲ್ಯ ಎರಡೂ ಇವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಿತ್ತುಹಾಕಲು ಬರುವುದಿಲ್ಲ.

ಕಾರ್ಡಿನ ಕಾಲದ ತಪ್ಪುಗಳ ಕಥೆ ಬೇರೆ. ಆರಕ್ಷರದ ಹೆಸರು, 72ರ ಗಡಿ, ಖಾಲಿ ಜಾಗದ ಗೊಂದಲ, ಘೋಷಣೆ ಇಲ್ಲದ ವೇರಿಯಬಲ್, ಇವೆಲ್ಲವೂ ಫೋರ್ಟ್ರಾನ್ 90 ಬಂದಾಗಲೇ ಪರಿಹಾರ ಕಂಡವು. ತನ್ನನ್ನು ತಾನೇ ಕರೆದುಕೊಳ್ಳುವ ಸಬ್‌ರುಟೀನ್ ಬಂತು, ಕಾಮನ್ ಬದಲು ಹೆಸರು ನೋಡಿಯೇ ಹಂಚಿಕೊಳ್ಳುವ ಮಾಡ್ಯೂಲ್ ಬಂತು. ಇಡೀ ಅರೇಯನ್ನು ಒಂದೇ ಸಾಲಿನಲ್ಲಿ ಕೂಡುವ, ಗುಣಿಸುವ ಅನುಕೂಲ ಬಂತು. ಇಂದು ಒಳ್ಳೆಯ ಫೋರ್ಟ್ರಾನ್ ಕೋಡ್ ಓದಿದರೆ ಅದು ಪೈಥಾನ್‌ನ ಗಣಿತದ ಲೈಬ್ರರಿ ನಂಪೈಗಿಂತ ಕಷ್ಟ ಅನಿಸುವುದಿಲ್ಲ. ಹಾಗಾಗಿ 1957ರ ರೂಪ ತೋರಿಸಿ ಇಂದಿನ ಭಾಷೆಯನ್ನು ಗೇಲಿ ಮಾಡುವುದು ಅನ್ಯಾಯ. ಅಕ್ಷರಗಳ, ಪಠ್ಯದ ಕೆಲಸಕ್ಕೆ ಮಾತ್ರ ಅದು ಇವತ್ತಿಗೂ ಒಡ್ಡೊಡ್ಡು, ಅದನ್ನು ಒಪ್ಪಬೇಕು.

ಘಟ್ಟಕ್ಕೂ ವೇಗಕ್ಕೂ ಏನು ಸಂಬಂಧ

ಕುಮಟಾದಿಂದ ಶಿರಸಿಗೆ ನೇರ ಗೆರೆ ಎಳೆದರೆ ಸುಮಾರು 50 ಕಿ.ಮೀ. ಅಷ್ಟರಲ್ಲಿ ಸಮುದ್ರ ಮಟ್ಟದಿಂದ ದೇವಿಮನೆ ಘಟ್ಟ ಹತ್ತಿ ಐನೂರು ಮೀಟರಿಗೂ ಮೇಲೆ ಹೋಗಿರುತ್ತೇವೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಪೂರ್ವಕ್ಕೆ ಮುಂಡಗೋಡ, ಹಳಿಯಾಳದ ಕಡೆ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆ! ಮಳೆಯ ಮಾಡೆಲ್ ನೆಲವನ್ನು ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಲೆಕ್ಕ ಹಾಕುತ್ತದೆ. 12 ಕಿ.ಮೀ. ಚೌಕಗಳ ಗ್ರಿಡ್‌ನಲ್ಲಿ ಕುಮಟಾ ಮತ್ತು ಶಿರಸಿಯ ನಡುವೆ ಸಿಗುವುದು ನಾಲ್ಕೇ ನಾಲ್ಕು ಚೌಕ. ಆ ಮಾಡೆಲ್ಲಿಗೆ ಘಟ್ಟವೆಂದರೆ ಒಂದು ಇಳಿಜಾರು ಮಾತ್ರ. ಯಾವ ಕಣಿವೆಯೂ ಅದಕ್ಕೆ ಕಾಣುವುದಿಲ್ಲ.

2025ರ ಮೇ 26ರಂದು ಕೇಂದ್ರ ಸರ್ಕಾರ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಶುರು ಮಾಡಿತು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ಈ ವ್ಯವಸ್ಥೆಯ ಗ್ರಿಡ್ 6 ಕಿ.ಮೀ. ಕೇಳಲು ಅರ್ಧ ಆಯಿತು ಅಷ್ಟೇ. ಆದರೆ ಉದ್ದ ಅರ್ಧ, ಅಗಲ ಅರ್ಧ ಆದರೆ ಚೌಕಗಳು ನಾಲ್ಕು ಪಟ್ಟು. ಚೌಕ ಸಣ್ಣದಾದರೆ ಲೆಕ್ಕದ ಸಮಯದ ಹೆಜ್ಜೆಯೂ ಸಣ್ಣದಾಗಬೇಕು, ಇಲ್ಲದಿದ್ದರೆ ಗಣಿತ ಹಳಿ ತಪ್ಪುತ್ತದೆ. ಅಂದರೆ ಸ್ಥೂಲವಾಗಿ ಎಂಟು ಪಟ್ಟು ಕೆಲಸ. 6ರಿಂದ 3ಕ್ಕೆ ಹೋದರೆ ಮತ್ತೆ ಎಂಟು ಪಟ್ಟು. ಐಐಟಿಎಂನ 'ಅರ್ಕ' ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 11.77 ಪೆಟಾಫ್ಲಾಪ್ಸ್ (ಒಂದು ಪೆಟಾಫ್ಲಾಪ್ಸ್ ಎಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕ). ಅಷ್ಟಿದ್ದೂ ಇದು ಭಾರವೇ.

ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಸಬೇಕಾದ ತೋಟಿಗರಿಗೆ ಬೇಕಾದದ್ದು ನಾಳೆ ಕೊನೆಗೌಡ ಮರ ಹತ್ತುವ ಹೊತ್ತಿಗೆ ಮಳೆ ಬಿಡುವು ಕೊಡುತ್ತದೆಯೋ ಇಲ್ಲವೋ ಎಂಬ ಮಾತು. ಇಡೀ ಜಿಲ್ಲೆಗೆ 'ಅಲ್ಲಲ್ಲಿ ಭಾರೀ ಮಳೆ' ಎಂದರೆ ಅವರಿಗೆ ಏನೂ ಹೇಳಿದಂತಾಗಲಿಲ್ಲ, ಅಲ್ವಾ? ಗ್ರಿಡ್ ಸಣ್ಣದಾದಷ್ಟೂ ಆ ಪ್ರಶ್ನೆಗೆ ಹತ್ತಿರ ಹೋಗಬಹುದು. ಕೋಡ್ ಎರಡು ಪಟ್ಟು ನಿಧಾನವಾದರೆ ಅಷ್ಟೂ ದೂರ. ಬೆಳಿಗ್ಗೆಯ ಮಳೆಯ ಮುನ್ಸೂಚನೆ ಮಧ್ಯಾಹ್ನ ಬಂದರೆ ಯಾರಿಗೆ ಬೇಕು?

ಬದಲಾಯಿಸುವುದೇ?

ಈಗ ಚರ್ಚೆಯ ನಿಜವಾದ ಬಿಸಿ ಎಲ್ಲಿದೆ ನೋಡೋಣ. ಅದು ಅಲ್ಪವಿರಾಮದ ಬಗ್ಗೆ ಅಲ್ಲ, ಜಿಪಿಯು ಬಗ್ಗೆ. ದೊಡ್ಡ ಸೂಪರ್‌ಕಂಪ್ಯೂಟರುಗಳ ಬಲ ಬಹುಪಾಲು ಈಗ ಜಿಪಿಯು ಎಂಬ ಗ್ರಾಫಿಕ್ಸ್ ಚಿಪ್‌ಗಳಲ್ಲಿದೆ. ಹೊಸ ಚಿಪ್ ಬಂದಾಗ ಅದರ ತಯಾರಕರು ಮೊದಲು ಸಿದ್ಧ ಮಾಡುವುದು ಸಿ++ ಕಂಪೈಲರ್. ಫೋರ್ಟ್ರಾನ್ ಸರದಿ ಆಮೇಲೆ. ಚಿಪ್ ಕಂಪನಿ ಎನ್‌ವಿಡಿಯಾ ಫೋರ್ಟ್ರಾನ್ ಕಂಪೈಲರ್ ಕೊಡುತ್ತದೆ, ಎಲ್‌ಎಲ್‌ವಿಎಂ ಎಂಬ ಮುಕ್ತ ಯೋಜನೆಯ ಫೋರ್ಟ್ರಾನ್ ಕಂಪೈಲರ್ ಫ್ಲ್ಯಾಂಗ್ ಬಲಗೊಳ್ಳುತ್ತಿದೆ, ಆದರೂ ಅಂತರ ಇದೆ. ಪರಮಾಣು ಶಸ್ತ್ರಾಸ್ತ್ರಗಳ ಲೆಕ್ಕ ಮಾಡುವ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯ 2023ರಲ್ಲಿ, ಮುಂದಿನ 15 ವರ್ಷ ಫೋರ್ಟ್ರಾನ್ ನಂಬಿಕೊಂಡರೆ ಏನೇನು ಅಪಾಯ ಎಂದು ವರದಿಯನ್ನೇ ಬರೆಯಿತು. ಅದು ಹೇಳಿದ ಅಪಾಯಗಳಲ್ಲಿ ಹೊಸ ಹಾರ್ಡ್‌ವೇರಿಗೆ ಕಂಪೈಲರ್ ಸಿಗುವುದು, ಜನ ಸಿಗುವುದು ಮುಖ್ಯವಾದವು.

ಧೈರ್ಯ ಮಾಡಿ ಬದಲಾಯಿಸಿದವರಿದ್ದಾರೆ. ಅಮೆರಿಕದ ಇಂಧನ ಇಲಾಖೆಯ ಸ್ಕ್ರೀಮ್ ಎಂಬ ವಾತಾವರಣ ಮಾಡೆಲ್ಲನ್ನು ಸಿ++ನಲ್ಲಿ ಬರೆದರು. ಇಡೀ ಭೂಮಿಯನ್ನು ಸುಮಾರು 3 ಕಿ.ಮೀ. ಗ್ರಿಡ್‌ನಲ್ಲಿ, ಒಂದು ದಿನದಲ್ಲಿ ಒಂದು ವರ್ಷಕ್ಕಿಂತ ಹೆಚ್ಚಿನ ಹವಾಮಾನ ಓಡಿಸಿ 2023ರಲ್ಲಿ ಹವಾಮಾನ ವಿಭಾಗದ ಮೊದಲ ಗಾರ್ಡನ್ ಬೆಲ್ ಪ್ರಶಸ್ತಿ (ಸೂಪರ್‌ಕಂಪ್ಯೂಟರ್ ಲೆಕ್ಕಗಳಿಗೆ ಕೊಡುವ ಪ್ರಶಸ್ತಿ) ಪಡೆದರು. ಸಣ್ಣ ಸಾಧನೆ ಅಲ್ಲ. ಆದರೆ ಅವರ ಕೈಯಲ್ಲಿ ಇದ್ದದ್ದು ಫ್ರಾಂಟಿಯರ್‌ನಂಥ ಸೂಪರ್‌ಕಂಪ್ಯೂಟರ್ ಮತ್ತು ವರ್ಷಗಟ್ಟಲೆ ಕೂತು ಬರೆಯುವ ದೊಡ್ಡ ತಂಡ.

ನನಗೆ ಹೆಚ್ಚು ಹಿಡಿಸಿದ್ದು ಸ್ವಿಟ್ಜರ್ಲೆಂಡಿನವರ ದಾರಿ. ಗುಡ್ಡಗಾಡು ದೇಶ, ಸಣ್ಣ ಗ್ರಿಡ್ ಬೇಕೇ ಬೇಕು, ನಮ್ಮ ಘಟ್ಟದ ಸಮಸ್ಯೆಯೇ ಅವರದ್ದೂ. 2016ರಲ್ಲಿ ಅವರ ಹವಾಮಾನ ಸಂಸ್ಥೆ ದಿನನಿತ್ಯದ ಮುನ್ಸೂಚನೆಯನ್ನು ಜಿಪಿಯುಗೆ ಏರಿಸಿತು. ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ರಾಷ್ಟ್ರೀಯ ಸಂಸ್ಥೆ ಅದು. ಅವರು ಎಲ್ಲವನ್ನೂ ಬದಲಾಯಿಸಲಿಲ್ಲ. ಹೆಚ್ಚು ಹೊತ್ತು ತಿನ್ನುವ, ಗಾಳಿಯ ಚಲನೆಯ ಭಾಗವನ್ನು ಸಿ++ನಲ್ಲಿ ಹೊಸದಾಗಿ ಬರೆದರು. ಮೋಡ, ಮಳೆ, ವಿಕಿರಣದ ಭಾಗಗಳನ್ನು ಫೋರ್ಟ್ರಾನ್‌ನಲ್ಲೇ ಬಿಟ್ಟು ಅಲ್ಲಲ್ಲಿ ಜಿಪಿಯು ಸೂಚನೆಗಳನ್ನು ಸೇರಿಸಿದರು. ಮೋಡದ ಭೌತಶಾಸ್ತ್ರ ಗೊತ್ತಿರುವ ವಿಜ್ಞಾನಿ ಸಿ++ ಕಲಿಯಬೇಕಾಗಲಿಲ್ಲ.

ಬದಲಾವಣೆ ಪರ ಇರುವವರು ಕೊಡುವ ಇನ್ನೊಂದು ಉದಾಹರಣೆ ಸೈಪೈ. ಪೈಥಾನ್‌ನ ಈ ವಿಜ್ಞಾನ ಲೈಬ್ರರಿಯ ಹೊಟ್ಟೆಯಲ್ಲಿ ಹಳೇ ಫೋರ್ಟ್ರಾನ್ 77 ಕೋಡ್ ತುಂಬಿತ್ತು. ಅದನ್ನು ಈಗ ಒಂದೊಂದಾಗಿ ತೆಗೆದು ಬೇರೆ ಭಾಷೆಗೆ ಬರೆದುಕೊಳ್ಳುತ್ತಿದ್ದಾರೆ. ಅವರ ತೊಂದರೆ ನಿಜವಾದದ್ದು: ಅಲ್ಲಿಂದಿಲ್ಲಿಗೆ ಹಾರಿಸುವ ಗೋಟೂ ಸೂಚನೆಗಳ ಸಿಕ್ಕು, ವಿಂಡೋಸ್‌ನಲ್ಲಿ ಫೋರ್ಟ್ರಾನ್ ಕಂಪೈಲರ್ ಹೊಂದಿಸುವ ಕಿರಿಕಿರಿ. ಆದರೆ ಅವರು ಓಡಿಹೋಗುತ್ತಿರುವುದು ಹಳೇ ಫೋರ್ಟ್ರಾನ್ 77ರಿಂದ, ಇಂದಿನ ಫೋರ್ಟ್ರಾನ್‌ನಿಂದ ಅಲ್ಲ. ಈ ಎರಡನ್ನು ಒಂದೇ ತಕ್ಕಡಿಗೆ ಹಾಕುವುದು ತಪ್ಪು.

ಇನ್ನು 'ಎಐ ಬಂತು, ಮಾಡೆಲ್‌ಗಳೇ ಬೇಡ' ಎಂಬ ಮಾತು. 2025ರ ಫೆಬ್ರವರಿಯಲ್ಲಿ ಯುರೋಪಿನ ಹವಾಮಾನ ಕೇಂದ್ರ ತನ್ನ ಎಐ ಮುನ್ಸೂಚನೆ ಎಐಎಫ್‌ಎಸ್ ಅನ್ನು ನಿತ್ಯದ ಬಳಕೆಗೆ ತಂದಿತು. ಅದೇ ವರ್ಷ ಮುಂಗಾರಿನಲ್ಲಿ ನಮ್ಮ ಕೃಷಿ ಸಚಿವಾಲಯ ಎಐ ಆಧಾರಿತ ಮಳೆ ಮುನ್ಸೂಚನೆಯನ್ನು 3.8 ಕೋಟಿ ರೈತರ ಮೊಬೈಲಿಗೆ ಕಳಿಸಿತು. ಈ ಎಐಗಳು ಓಡಲು ಬೇಕಾದ ಸಮಯ ತೀರಾ ಕಡಿಮೆ. ಸರಿ, ಆದರೆ ಇವು ಕಲಿತದ್ದು ಯಾವುದರಿಂದ? ಇಆರ್‌ಎ5 ಎಂಬ ದಶಕಗಳ ಹವಾಮಾನ ದಾಖಲೆಯಿಂದ. ಆ ದಾಖಲೆಯನ್ನು ತಯಾರಿಸಿದ್ದು ಅದೇ ಯುರೋಪಿನ ಕೇಂದ್ರದ ಐಎಫ್‌ಎಸ್ ಮಾಡೆಲ್. ಅದರ ಲೆಕ್ಕದ ಭಾಗ ಫೋರ್ಟ್ರಾನ್. ಮುನ್ಸೂಚನೆ ಶುರು ಮಾಡಲು ಬೇಕಾದ ಇವತ್ತಿನ ವಾತಾವರಣದ ಸ್ಥಿತಿಯನ್ನೂ ಎಐಗೆ ಒದಗಿಸುವುದು ಅಂಥದೇ ಕೋಡ್. ಹೊಸಬ ಹಳಬನನ್ನು ಮನೆಗೆ ಕಳಿಸಿದ ಎಂದು ಸಂಭ್ರಮಿಸುವ ಹೊತ್ತು ಇನ್ನೂ ಬಂದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ: ಅಲೆ, ಮಳೆಯ ಮಾಡೆಲ್‌ಗಳನ್ನು ಬುಡಸಮೇತ ಬೇರೆ ಭಾಷೆಗೆ ಎಳೆದುಕೊಂಡು ಹೋಗುವುದು ನಮ್ಮಂಥ ದೇಶಕ್ಕೆ ದುಬಾರಿ ಚಟ. ಐದಾರು ವರ್ಷ ಹಿಡಿಯುವ ಆ ಕೆಲಸದ ನಡುವೆಯೂ ಪ್ರತಿದಿನ ಮಾಜಾಳಿಯಿಂದ ಭಟ್ಕಳದವರೆಗಿನ ಎಚ್ಚರಿಕೆ ಹೋಗಲೇಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಸಾಗಿತಲ್ಲ, ಅಂಥ ವಾರದಲ್ಲಿ ಹೊಸ ಕೋಡ್ ಮತ್ತು ಹಳೇ ಕೋಡ್ ಬೇರೆ ಬೇರೆ ಎತ್ತರ ಹೇಳಿದರೆ ಯಾವುದನ್ನು ನಂಬುವುದು? ಹೆಚ್ಚು ಹೊತ್ತು ತಿನ್ನುವ ಭಾಗಗಳನ್ನು ಮಾತ್ರ ಜಿಪಿಯುಗೆ ಏರಿಸಿ, ಉಳಿದದ್ದನ್ನು ಹೊಸ ಫೋರ್ಟ್ರಾನ್‌ಗೆ ಸ್ವಚ್ಛ ಮಾಡಿ ಎನ್ನುವುದು ಹೆಚ್ಚು ನಂಬಬಹುದಾದ ದಾರಿ.

ಅದಕ್ಕೆ ಜನ ಬೇಕು, ಮತ್ತು ಇಲ್ಲಿ ನಾವು ನಿಜಕ್ಕೂ ಹಿಂದಿದ್ದೇವೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ, ಹವಾಮಾನ ಮುನ್ಸೂಚನೆ ಸುಧಾರಿಸುವ ಮಿಷನ್ ಮೌಸಂ ಯೋಜನೆಗೆ 2,000 ಕೋಟಿ ರೂಪಾಯಿ ಮಂಜೂರಾಯಿತು. ರೇಡಾರ್, ಸೂಪರ್‌ಕಂಪ್ಯೂಟರ್ ಎಲ್ಲರ ಕಣ್ಣಿಗೂ ಬೀಳುತ್ತವೆ. ಕಾಮನ್ ಬ್ಲಾಕ್ ಬಿಡಿಸಿ ಮಾಡ್ಯೂಲ್ ಮಾಡುವವರ ಫೋಟೊ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಮಾಜಾಳಿಯ ಎಂಜಿನಿಯರಿಂಗ್ ಕಾಲೇಜಿನಲ್ಲೋ ಶಿರಸಿಯ ಪದವಿ ಕಾಲೇಜಿನಲ್ಲೋ ಓದುತ್ತಿರುವ, ಪೈಥಾನ್ ಚೆನ್ನಾಗಿ ಬರುವ ಹುಡುಗ ಹುಡುಗಿಯರಿಗೆ ಹೊಸ ಫೋರ್ಟ್ರಾನ್ ಕಲಿಯಲು ಕೆಲವು ವಾರ ಸಾಕು. ಜಿಫೋರ್ಟ್ರಾನ್ ಕಂಪೈಲರ್ ಪುಕ್ಕಟೆ ಸಿಗುತ್ತದೆ. ವೇವ್‌ವಾಚ್ 3ರ ಕೋಡೂ ಎಲ್ಲರಿಗೂ ತೆರೆದಿದೆ. ಅದನ್ನು ಇಳಿಸಿಕೊಂಡು ಓದಬಹುದು. ಯಾವುದಾದರೂ ಹಳೇ ಫೋರ್ಟ್ರಾನ್ ಫೈಲ್ ಸಿಕ್ಕರೆ ಪ್ರತಿ ಸಬ್‌ರುಟೀನಿನ ನೆತ್ತಿಗೆ 'ಇಂಪ್ಲಿಸಿಟ್ ನನ್' ಸೇರಿಸಿ, ಅರೇ ಗಡಿಯ ತಪಾಸಣೆ ಚಾಲೂ ಮಾಡಿ, ಎಲ್ಲ ಎಚ್ಚರಿಕೆಗಳನ್ನೂ ತೋರಿಸು ಎಂದು ಕಂಪೈಲರಿಗೆ ಹೇಳಿ. ಮೊದಲ ಸಲಕ್ಕೆ ಪರದೆ ತುಂಬ ದೋಷಗಳು ಬರುತ್ತವೆ. ಅಲ್ಲಿಂದ ಕೆಲಸ ಶುರು ಮಾಡಬಹುದು.